ಟಗರು ತಪ್ಪಿಸಿದ ಭುಜ

ಗುಡ್ಡದ ದೇಶಕ್ಕೂ ಬಯಲಿನ ದೇಶಕ್ಕೂ ರಗ್ಬಿ ಎಂದರೆ ತಲೆತಲಾಂತರದ ಹಗೆ. ಆ ವರ್ಷದ ಪಂದ್ಯದಲ್ಲಿ, ಎರಡೂ ತಂಡದವರು ಬಗ್ಗಿ, ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ತಳ್ಳಾಡುವ ಹೊತ್ತು ಬಂತು. ಗುಡ್ಡದ ಟಗರಿಗೆ ಎದುರಾಗಿ ಬಯಲಿನ ಕೋಣ ನಿಂತಿತು.

“ಕ್ಷೇಮವೇ ಟಗರಪ್ಪ?” ಎಂದಿತು ಕೋಣ.

ಟಗರಿನ ಕಿವಿ ನಿಮಿರಿತು. ಹಗೆಯವನು ಕ್ಷೇಮ ಕೇಳುತ್ತಾನೆಂದರೆ ಏನೋ ಮಸಲತ್ತು ಇದ್ದೇ ಇದೆ. ನಾನು ಭಾರ ಹಾಕಿದ ಕೂಡಲೇ ಭುಜ ತಪ್ಪಿಸಿ ನನ್ನನ್ನು ಬೀಳಿಸುತ್ತಾನೆ, ಅಷ್ಟೇ. ಹಾಗೆಂದುಕೊಂಡ ಟಗರು, ತೀರ್ಪುಗಾರ ಕೊಕ್ಕರೆ ಸೀಟಿ ಊದಿದೊಡನೆ ತಾನೇ ಸರಕ್ಕನೆ ಹಿಂದೆ ಸರಿಯಿತು. ಕೋಣ ಬೋರಲು ಬಿತ್ತು.

“ನೀನು ಮಾಡಲಿದ್ದುದನ್ನು ನಾನು ಮೊದಲು ಮಾಡಿದೆ!” ಎಂದಿತು ಟಗರು.

ಕೋಣ ಬಾಯೊಳಗಿನ ಮಣ್ಣು ಉಗುಳಿ ಎದ್ದಿತು. “ನಿನ್ನನ್ನು ಸೋಲಿಸಲೆಂದೇ ಬಂದವನು ನಾನು, ನಿಜ. ಆದರೂ ನಿನ್ನ ಭುಜ ನಂಬಿ ನನ್ನ ಪೂರ್ತಿ ಭಾರವನ್ನು ನಿನ್ನ ಮೇಲೆಯೇ ಹಾಕಿದ್ದೆನಲ್ಲ ಮಾರಾಯ!”

ಕೊಕ್ಕರೆ ಎಲ್ಲರನ್ನೂ ಮತ್ತೆ ತಳ್ಳಾಟಕ್ಕೆ ಕರೆಯಿತು. ಕೋಣ ಬಂದು ಮೊದಲಿನಂತೆಯೇ ಭುಜ ಕೊಟ್ಟಿತು. ಟಗರಿನ ಹೆಗಲು ತಬ್ಬಿ ನಿಲ್ಲಬೇಕಾಗಿದ್ದ ಅದರದೇ ತಂಡದ ಹೋತ ಮಾತ್ರ ದೂರದಲ್ಲೇ ನಿಂತು ಕೇಳಿತು: “ಅಣ್ಣಾ, ನನ್ನನ್ನೂ ಬೀಳಿಸುವುದಿಲ್ಲ ತಾನೆ?”