ತಣ್ಣಗಾದ ಮಗು

“ದೊಡ್ಡಾಸ್ಪತ್ರೆಗೆ ಯಾವ ದಾರಿಯಪ್ಪ?” ಗುಡ್ಡ ಸುತ್ತಿ ಸುತ್ತಿ ದಾರಿ ತಪ್ಪಿದ್ದ ದ್ಯಾಮವ್ವ ಕೋಟೆಯ ಮುಂದೆ ಡಂಗುರದವನನ್ನು ಕೇಳಿದಳು. ರಜೆ ಮುಗಿಸಿ ಕೆಲಸಕ್ಕೆ ಹೊರಟಿದ್ದ, ಅಲ್ಲಿನ ಮಕ್ಕಳ ವಾರ್ಡಿನ ಆಯಾ ಅವಳು.

“ಗುಡ್ಡದ ಕೆಳಗೆ. ಮೊದಲು ಇದನ್ನು ಕೇಳು,” ಎಂದು ಅವನು ಸಾರಿದ: “ರಾಣಿ ಕೆಂಚಲದೇವಿಯವರ ಒಬ್ಬನೇ ಮಗ ಹಾಸಿಗೆ ಹಿಡಿದಿದ್ದಾನೆ. ಮೂರು ಒಗಟು ಬಿಡಿಸಿದವರ ಕೈಗೆ ಮಗುವನ್ನು ಒಪ್ಪಿಸುತ್ತಾರೆ. ತಪ್ಪಿದವರ ತಲೆ ಉಳಿಯುವುದಿಲ್ಲ.”

“ಮಗುವಿಗೇನಾಗಿದೆ?”

“ಏದುಸಿರು, ತಾಯಿ. ಉಸಿರೆಳೆದರೆ ಪಕ್ಕೆ ಒಳಕ್ಕೆ ಹೋಗುತ್ತದೆ.”

ದ್ಯಾಮವ್ವ ಗುಡ್ಡ ಇಳಿಯಲಿಲ್ಲ.

ಒಳಗೆ ಕಿಟಕಿಗಳಿಗೆಲ್ಲ ಕಂಬಳಿ ಬಿಗಿದು ಧೂಪ ಹಾಕಿದ್ದರು. “ಮಲಗಿದಲ್ಲೇ ಇರುವವನು ಹರದಾರಿ ಓಡಿದವನಂತೆ ಏದುವುದೇಕೆ?” ಎಂದಳು ರಾಣಿ. ಕನಸಿನಲ್ಲಿ ಓಡುತ್ತಿದ್ದಾನೆ ಎಂದರು ಜೋಯಿಸರು. ಉಸಿರು ಸಾಲದೆ ಎಂದು ಮೊದಲನೆಯದನ್ನು ಹೇಗೋ ದಾಟಿದ ಮಂತ್ರವಾದಿ ಎರಡನೆಯದರಲ್ಲಿ ಎಡವಿದ. “ಮನೆ ತುಂಬ ಗಾಳಿಯಿದ್ದರೂ ಒಡೆಯನ ತುಟಿ ನೀಲಿಯೇಕೆ?” ಎಂದರೆ, ದೆವ್ವದ ಗಾಳಿ ಸೋಕಿದೆ ಎಂದ. ಅಮಾವಾಸ್ಯೆಗೆ ತಲೆ ತೆಗೆಯಲು ಇಬ್ಬರನ್ನೂ ಕೂಡಿಹಾಕಿದರು.

“ನೀನು ಯಾರೇ? ಕಸ ಗುಡಿಸುವವಳ ಹಾಗಿದ್ದೀಯ,” ಎಂದಳು ರಾಣಿ ದ್ಯಾಮವ್ವನನ್ನು ನೋಡಿ.

“ಗುಡಿಸುತ್ತೇನೆ, ತಾಯಿ. ಎರಡಕ್ಕೂ ಉತ್ತರ ಒಂದೇ. ಶ್ವಾಸಕೋಶದಲ್ಲಿ ಗಾಳಿಯ ಜಾಗದಲ್ಲಿ ಕೀವು, ನೀರು ತುಂಬಿದೆ. ಉಳಿದ ಚೂರು ಜಾಗಕ್ಕೆ ಎಳೆದೆಳೆದು ತುಂಬಿಕೊಂಡರೂ ರಕ್ತಕ್ಕೆ ಸಾಲುತ್ತಿಲ್ಲ. ನ್ಯುಮೋನಿಯಾ, ಮಿತಿ ಮೀರಿದೆ. ಮೊದಲು ಆ ಕಂಬಳಿ ಕೀಳಿಸಿ.”

ರಾಣಿ ಸುಧಾರಿಸಿಕೊಂಡು ಮೂರನೆಯದನ್ನು ಕೇಳಿದಳು. “ನಿನ್ನೆ ಸುಡುತ್ತಿದ್ದ, ಕೂಗುತ್ತಿದ್ದ. ಇಂದು ತಣ್ಣಗೆ ಸುಮ್ಮನಿದ್ದಾನೆ. ಗೆದ್ದವರು ಯಾರು?” ಅವಳ ಮುಖದಲ್ಲಿ ಆಗಲೇ ಉತ್ತರವಿತ್ತು, ಅಡುಗೆಮನೆಯಲ್ಲಿ ಪಾಯಸ ಕುದಿಯುತ್ತಿತ್ತು. ನಿಮ್ಮ ಮಗನೇ ಅಂದಿದ್ದರೆ ಸಾಕಿತ್ತು, ತಲೆ ಉಳಿಯುತ್ತಿತ್ತು.

“ರೋಗ,” ಎಂದಳು ದ್ಯಾಮವ್ವ.

ಭಟ ಕತ್ತಿಗೆ ಕೈ ಹಾಕಿದ.

“ಕಡಿಸಿ, ತಾಯಿ. ಅದಕ್ಕೆ ಮುಂಚೆ ಮಗನನ್ನೊಮ್ಮೆ ಕರೆದು ನೋಡಿ. ನನ್ನ ಮಗಳು ತಣ್ಣಗಾದ ದಿನ ನಾನೂ ಪಾಯಸ ಮಾಡಿದ್ದೆ.”

ರಾಣಿ ಕರೆದಳು. ಮತ್ತೆ ಕರೆದಳು. ಮಗುವಿನ ಕಣ್ಣು ತೆರೆದೇ ಇತ್ತು, ತಾಯಿಯ ಗುರುತು ಹತ್ತಲಿಲ್ಲ.

“ನಂಜು ರಕ್ತಕ್ಕೆ ಇಳಿದಿದೆ. ಗುದ್ದಾಡುವ ಶಕ್ತಿ ಮುಗಿದಿದೆ, ಅದಕ್ಕೇ ಸುಮ್ಮನಾಗಿದ್ದಾನೆ. ಎದೆ ಮೇಲಕ್ಕಿರುವ ಹಾಗೆ ಎತ್ತಿಕೊಳ್ಳಿ, ನಡೆಯಿರಿ.”

ರಾಣಿ ಬರಿಗಾಲಲ್ಲಿ ಗುಡ್ಡ ಇಳಿದಳು. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ, ನರಕ್ಕೆ ಔಷಧಿ. ನಾಲ್ಕು ದಿನ ಡಾಕ್ಟರು ಉಳಿಯುತ್ತಾನೆ ಅನ್ನಲಿಲ್ಲ. ಐದನೆಯ ದಿನ ಮಗು, “ಅಮ್ಮ, ಈ ಕೊಳವೆ ತೆಗಿ, ಮೂಗು ಕೆರೆಯುತ್ತೆ,” ಎಂದಿತು.

“ಅರ್ಧ ರಾಜ್ಯ ನಿನ್ನದು,” ಎಂದಳು ರಾಣಿ.

“ಅಷ್ಟನ್ನು ಗುಡಿಸುವವರಾರು? ಊರೂರಿಗೊಂದು ಗಾಡಿ ಕೊಡಿ, ಏದುವ ಮಕ್ಕಳನ್ನು ಬೇಗ ತರಲಿ. ಕೂಡಿಹಾಕಿದ ಆ ಇಬ್ಬರನ್ನೂ ಬಿಟ್ಟುಬಿಡಿ. ನಾನೂ ಒಂದು ಕಾಲಕ್ಕೆ ಅವರಷ್ಟೇ ತಿಳಿದಿದ್ದವಳು.”

ಮೊದಲ ಗಾಡಿಯಲ್ಲಿ ಅವಳು ತನ್ನೂರಿಗೆ ಹೋದಳು. ಊರಾಚೆಯ ಪುಟ್ಟ ಮಣ್ಣುದಿಬ್ಬದ ಬಳಿ ಕೂತು, ಏಳು ವರ್ಷದಿಂದ ಬಾಕಿ ಉಳಿದಿದ್ದ ಒಂದು ಮಾತನ್ನು ಮಗಳಿಗೆ ತೀರಿಸಿದಳು.

“ತಪ್ಪಾಯಿತು, ಕೂಸೇ. ನನಗೆ ಗೊತ್ತಿರಲಿಲ್ಲ.”