ಡೊಳ್ಳಾಸುರನ ಬಾಯೊಳಗೆ ಕೋಳಿಮರಿ

ಬನ್ನಿ, ಬನ್ನಿ, ಕೂತ್ಕೊಳ್ಳಿ. ಒಬ್ಬರ ಕಾಲು ಒಬ್ಬರು ತುಳೀಬೇಡಿ. ಇವತ್ತು ಕೋಳಿ ಕಥೆ. ಬರೀ ಕೋಳಿ ಅಲ್ಲ, ರಾಕ್ಷಸನೂ ಇದ್ದಾನೆ. ಹೆದರ್ಕೊಂಡು ನನ್ನ ಸೆರಗು ಎಳೆದ್ರೆ ಕಥೆ ಅಲ್ಲಿಗೇ ನಿಲ್ಲಿಸ್ತೀನಿ. ಹಾಂ, ಈಗಲೇ ಹೇಳಿದ್ದೀನಿ.

ಮೈಸೂರಲ್ಲಿ ನಮ್ಮ ಮನೆ ಇತ್ತು. ಮನೆ ಚಿಕ್ಕದು, ಹಿತ್ತಿಲು ದೊಡ್ಡದು. ಹಿತ್ತಿಲಲ್ಲೊಂದು ಶೆಡ್ಡು. ಆ ಶೆಡ್ಡಲ್ಲಿ ನಮ್ಮ ತಾತ ರಾಕ್ಷಸರನ್ನ ಮಾಡ್ತಿದ್ರು. ಯಾರಿಗೆ? ಸಿನಿಮಾದವರಿಗೆ! ಬಿದಿರು ಕಟ್ಟೋದು, ಗೋಣಿಚೀಲ ಹೊದಿಸೋದು, ಹಳೇ ಪೇಪರು ಮೆತ್ತೋದು, ಹುಣಸೆಬೀಜದ ಅಂಟು ಬಳಿಯೋದು. ಒಣಗಿದ ಮೇಲೆ ಬಣ್ಣ. ಆಯ್ತಲ್ಲ, ರಾಕ್ಷಸ.

ಅವರಲ್ಲೆಲ್ಲ ದೊಡ್ಡೋನು ಡೊಳ್ಳಾಸುರ. ಅಬ್ಬಬ್ಬಾ, ಅವನ ಹೊಟ್ಟೆಯೇ! ಆದ್ರೆ ಅವನು ತಾನಾಗಿ ಅಲ್ಲಾಡ್ತಿರಲಿಲ್ಲ. ಮನೆಮಂದಿಯೆಲ್ಲ ಸೇರಿ ಹಗ್ಗ ಎಳೆದು, ಗಾಳಿ ಊದಿ ಅಲ್ಲಾಡಿಸಬೇಕು. ಬಾಲಕ್ಕೆ ತಾತ. ಹೊಟ್ಟೆಗೆ ನಮ್ಮಜ್ಜಿ. ಕೈಗೆ ನಮ್ಮವ್ವ. ಕತ್ತಿಗೆ ನಮ್ಮಪ್ಪ. ಕಣ್ಣಿಗೆ ನಾನು. ಬಾಯಿಗೆ ಚಿಕ್ಕಪ್ಪ. ಆಗ ನಾನು ನಿಮ್ಮಷ್ಟಿದ್ದೆ. ನಗಬೇಡ್ವೋ, ಅಜ್ಜೀರೂ ಒಂದು ಕಾಲಕ್ಕೆ ನಿಮ್ಮಷ್ಟೇ ಇರ್ತಾರೆ.

ಆಮೇಲೆ ಸಿನಿಮಾದವರು ಬರೋದು ನಿಂತುಹೋಯ್ತು. ರಾಕ್ಷಸರು ಸಾಕು, ಈಗ ಜನಕ್ಕೆ ಹೊಡೆದಾಟ ಬೇಕು ಅಂದ್ರಂತೆ. ಡೊಳ್ಳಾಸುರ ಶೆಡ್ಡಲ್ಲಿ ಬೋರಲು ಮಲಗಿದ. ಗಲ್ಲ ನೆಲದ ಮೇಲೆ. ಒಳಗೆ ಗಾಳಿ ಆಡಲಿ ಅಂತ ಬಾಯಿಗೊಂದು ಗೂಟ ಆನಿಸಿದ್ರು. ಅವನ ಮೈಮೇಲೆ ಧೂಳು ಕೂತಿತು. ಕಿವಿಯಲ್ಲಿ ಜೇಡ ಬಲೆ ಕಟ್ಟಿತು. ತಾತ ಅವನ ಬಾಲದ ಹತ್ರ ಗೋಡೆ ಕಡೆ ಮುಖ ಮಾಡಿ ಕೂತ್ರು. ಮಾತಿಲ್ಲ, ಕತೆಯಿಲ್ಲ.

ನಮ್ಮನೇಲಿ ಒಂದು ಕೋಳಿ ಇತ್ತು. ಹೆಸರು ಕೆಂಚಿ. ಅವಳ ಹಿಂದೆ ಒಂದು ಹಿಂಡು ಮರಿ.

ಒಂದಿನ ಕೆಂಚಿ ತಿರುಗಿ ನೋಡ್ತಾಳೆ, ಒಂದು ಮರಿ ಇಲ್ಲ! ಕೋಳಿಗೆ ಲೆಕ್ಕ ಬರಲ್ಲ. ಆದ್ರೆ ತಾಯಿಗೆ ಗೊತ್ತಾಗುತ್ತೆ.

ಎಲ್ಲಿ ಹೋಯ್ತು ಮರಿ? ಇರುವೆ ಹಿಂದೆ ಹೋಯ್ತು. ಇರುವೆ ಡೊಳ್ಳಾಸುರನ ಬಾಯೊಳಗೆ ಹೋಯ್ತು. ಮರಿಯೂ ಬಾಯೊಳಗೆ ಹೋಯ್ತು. ಅಷ್ಟೊತ್ತಿಗೆ ಬೆಕ್ಕು ಇಲಿ ಅಟ್ಟಿಸ್ಕೊಂಡು ಬಂತು. ಗೂಟಕ್ಕೆ ಡಿಕ್ಕಿ ಹೊಡೀತು. ಗೂಟ ಬಿತ್ತು. ಬಾಯಿ ಮುಚ್ಚಿತು. ಧಡ್!

ಒಳಗಿಂದ ಪೀಂವ್ ಪೀಂವ್ ಪೀಂವ್.

ಕೆಂಚಿ ಓಡಿದ್ಲು. ಓಡಿ ಓಡಿ ಚಿಕ್ಕಪ್ಪನ ಹತ್ರ ಬಂದ್ಲು. ಚಿಕ್ಕಪ್ಪ ಸೀಬೆಮರದ ಕೆಳಗೆ ಸೈಕಲ್ಲಿಗೆ ಪಂಕ್ಚರ್ ಹಾಕ್ತಿದ್ದ. ಮೊದಲು ರಾಕ್ಷಸನ ಬಾಯಿ ತೆರೆಯೋ ಕೈ, ಈಗ ಟ್ಯೂಬಿಗೆ ತೇಪೆ ಹಾಕೋ ಕೈ.

“ಅಣ್ಣಾ ಅಣ್ಣಾ, ಬಾಯಿ ತೆರೆಸು.
ನನ್ನ ಮರಿ ಒಳಗೆ, ನಾನು ಹೊರಗೆ.”

ಚಿಕ್ಕಪ್ಪ ಅಂದ, “ಅಯ್ಯೋ ಪಾಪ. ತೆರೆಸ್ತಿದ್ದೆ ಕಣವ್ವಾ. ಆದ್ರೆ ಕಣ್ಣಿನ ದಾರದ ಮೇಲೇ ನನ್ನ ಹಗ್ಗ ಹಾದಿದೆ. ಮೊದಲು ನಾನೆಳೆದ್ರೆ ದಾರ ಪಟ್ ಅನ್ನುತ್ತೆ. ಕಣ್ಣು ಬಿಡದೆ ಬಾಯಿ ತೆರೆಯಲ್ಲ. ಹೋಗು, ಕಣ್ಣಿನವಳನ್ನ ಕೇಳು.”

ಕಣ್ಣಿನವಳು ಯಾರು? ನಾನೇ! ಜಗಲಿ ಮೇಲೆ ಕೂತು ಅಳಗುಳಿಮಣೆ ಆಡ್ತಿದ್ದೆ. ಕೆಂಚಿ ಓಡಿ ಓಡಿ ನನ್ನ ಹತ್ರ ಬಂದ್ಲು.

“ಪುಟ್ಟೀ ಪುಟ್ಟೀ, ಕಣ್ಣು ಬಿಡಿಸು.
ಕಣ್ಣು ಬಿಡದೆ ಬಾಯಿ ತೆರೆಯಲ್ಲ.
ನನ್ನ ಮರಿ ಒಳಗೆ, ನಾನು ಹೊರಗೆ.”

ನಾನಂದೆ, “ಅಯ್ಯೋ ಕೆಂಚಿ! ತಲೆ ಬಗ್ಗಿದ್ರೆ ರೆಪ್ಪೆ ತಾನಾಗೇ ಮುಚ್ಕೊಳ್ಳುತ್ತೆ. ನಾನೆಷ್ಟು ಎಳೆದ್ರೂ ಅಷ್ಟೇ. ಕತ್ತು ಏಳದೆ ಕಣ್ಣು ಬಿಡಲ್ಲ. ಹೋಗು, ನಮ್ಮಪ್ಪನ್ನ ಕೇಳು.”

ಏನೋ ಅದು ಕೈ ಎತ್ತಿದ್ದೀಯ? ಬಾಯಿ ಕೈಯಲ್ಲೇ ಎತ್ತಬಾರದಿತ್ತಾ ಅಂತೀಯಾ? ಜಾಣ ಕಣೋ ನೀನು. ಆ ದವಡೆ ಎಷ್ಟು ಭಾರ ಗೊತ್ತಾ? ಅದರ ತುಂಬ ಮರದ ಹಲ್ಲು. ಅರ್ಧ ಎತ್ತಿ ಕೈ ಜಾರಿದ್ರೆ? ಹಲ್ಲು ಬೀಳೋದು ಮರಿ ಮೇಲೇ. ಗೊತ್ತಾಯ್ತಾ? ಇನ್ನು ಕೈ ಇಳಿಸು.

ನಮ್ಮಪ್ಪ ಬಾಗಿಲ ಮುಂದೆ ಅಂಗಡಿ ಬೋರ್ಡಿಗೆ ಬಣ್ಣ ಬಳೀತಿದ್ದ. ಕೆಂಚಿ ಓಡಿ ಓಡಿ ನಮ್ಮಪ್ಪನ ಹತ್ರ ಬಂದ್ಲು.

“ಯಜಮಾನ್ರೇ ಯಜಮಾನ್ರೇ, ಕತ್ತು ಎತ್ತಿಸಿ.
ಕತ್ತು ಏಳದೆ ಕಣ್ಣು ಬಿಡಲ್ಲ.
ಕಣ್ಣು ಬಿಡದೆ ಬಾಯಿ ತೆರೆಯಲ್ಲ.
ನನ್ನ ಮರಿ ಒಳಗೆ, ನಾನು ಹೊರಗೆ.”

ಅಪ್ಪ ಬ್ರಷ್ಷು ಕೆಳಗಿಟ್ಟ. “ಎಷ್ಟು ದಿನ ಆಯ್ತು ಆ ಕತ್ತು ಎತ್ತಿ!” ಅಂದ. ಮತ್ತೆ ಬ್ರಷ್ಷು ಕೈಗೆ ತಗೊಂಡ. “ಅದು ಆನೆ ಭಾರ ಕಣವ್ವಾ. ಡೊಳ್ಳಾಸುರ ಮೊದಲು ಕೈ ಊರಬೇಕು. ಕೈ ಊರದೆ ಕತ್ತು ಏಳಲ್ಲ. ಹೋಗು, ನಮ್ಮನೆಯವಳನ್ನ ಕೇಳು.”

ನಮ್ಮವ್ವ ಹೊಲಿಗೆ ಮೆಷಿನ್ ತುಳೀತಿದ್ಲು. ಟಕಟಕ ಟಕಟಕ. ಕೆಂಚಿ ಓಡಿ ಓಡಿ ಅವ್ವನ ಹತ್ರ ಬಂದ್ಲು.

“ಅಕ್ಕಾ ಅಕ್ಕಾ, ಕೈ ಊರಿಸು.
ಕೈ ಊರದೆ ಕತ್ತು ಏಳಲ್ಲ.
ಕತ್ತು ಏಳದೆ ಕಣ್ಣು ಬಿಡಲ್ಲ.
ಕಣ್ಣು ಬಿಡದೆ ಬಾಯಿ ತೆರೆಯಲ್ಲ.
ನನ್ನ ಮರಿ ಒಳಗೆ, ನಾನು ಹೊರಗೆ.”

ಮೆಷಿನ್ ನಿಂತಿತು. ಅವ್ವ ಅಂದ್ಲು, “ಆ ಕೈ ಊರಿದ್ರೆ ಏನು ಆಗ್ತಿತ್ತು ಗೊತ್ತೇನೇ ಕೆಂಚಿ? ಸಿನಿಮಾ ಟೆಂಟಲ್ಲಿ ಮುಂದೆ ಕೂತೋರೆಲ್ಲ ಹಿಂದಕ್ಕೆ ಬಿದ್ದು ಓಡೋರು. ಕಡ್ಲೆಕಾಯಿ ಪೊಟ್ಟಣ ಅಲ್ಲೇ ಬಿಟ್ಟು ಓಡೋರು!” ಅವ್ವ ನಕ್ಕಳು. “ಈಗ ಕೈ ಹೊಟ್ಟೆ ಕೆಳಗೆ ಸಿಕ್ಕಿದೆ ಕಣೇ. ಹೊಟ್ಟೆ ಉಬ್ಬದೆ ಕೈ ಊರಲ್ಲ. ಹೋಗು, ಅತ್ತೇನ ಕೇಳು.”

ಅವ್ವನ ಅತ್ತೆ ಅಂದ್ರೆ ನಮ್ಮಜ್ಜಿ. ಡೊಳ್ಳಾಸುರನ ಹೊಟ್ಟೆಗೆ ಗಾಳಿ ಊದೋಳು. ಕಮ್ಮಾರನ ಹತ್ರ ತಿದಿ ಇರುತ್ತಲ್ಲ, ಬುಸ್ ಬುಸ್ ಅಂತ ಗಾಳಿ ಊದೋದು, ಅಂಥದ್ದೊಂದು ದೊಡ್ಡ ತಿದಿ ಅವಳದ್ದು. ಈಗ ಅವಳು ಒಲೆ ಮುಂದೆ ಕೂತು ಊದುಗೊಳವೆ ಊದ್ತಿದ್ಲು. ಹಸಿ ಸೌದೆ. ಕಣ್ಣ ತುಂಬ ಹೊಗೆ. ಕೆಂಚಿ ಓಡಿ ಓಡಿ ನಮ್ಮಜ್ಜಿ ಹತ್ರ ಬಂದ್ಲು. ಹೇಳಿ, ನೀವೂ ನನ್ನ ಜೊತೆ ಹೇಳಿ.

“ಅಜ್ಜೀ ಅಜ್ಜೀ, ಹೊಟ್ಟೆ ಉಬ್ಬಿಸು.
ಹೊಟ್ಟೆ ಉಬ್ಬದೆ ಕೈ ಊರಲ್ಲ.
ಕೈ ಊರದೆ ಕತ್ತು ಏಳಲ್ಲ.
ಕತ್ತು ಏಳದೆ ಕಣ್ಣು ಬಿಡಲ್ಲ.
ಕಣ್ಣು ಬಿಡದೆ ಬಾಯಿ ತೆರೆಯಲ್ಲ.
ನನ್ನ ಮರಿ ಒಳಗೆ, ನಾನು ಹೊರಗೆ.”

ನಮ್ಮಜ್ಜಿ ಅಂದ್ಲು, “ಊದ್ತೀನಿ ತಾಯಿ, ಊದದೆ ಏನು! ಆದ್ರೆ ಗಾಳಿ ಹೋಗೋ ಕೊಳವೆ ಮೇಲೆ ಬಾಲ ಬಿದ್ದಿದೆ. ಬಾಲ ಆಡದೆ ಹೊಟ್ಟೆ ಉಬ್ಬಲ್ಲ. ಬಾಲದ ಹಗ್ಗ ನಮ್ಮ ಯಜಮಾನ್ರದ್ದು. ಅವರು ನನ್ನ ಹತ್ರಾನೇ ಮಾತಾಡಲ್ಲ, ನಿನ್ನ ಹತ್ರ ಆಡ್ತಾರೋ ಇಲ್ವೋ. ಹೋಗು, ಕೇಳಿ ನೋಡು.”

ಕೆಂಚಿ ಓಡಿದ್ಲು. ಡೊಳ್ಳಾಸುರನ ಬಾಯಿ ಮುಂದೇ ಹಾದು ಓಡಿದ್ಲು. ಆಗಲೇ ಪೀಂವ್ ಪೀಂವ್ ಪೀಂವ್ ಇತ್ತಲ್ಲ? ಈಗ ಬರೀ ಪೀಂ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಪೀಂ.

ತಾತ ಗೋಡೆ ಕಡೆ ಮುಖ ಮಾಡಿ ಕೂತಿದ್ರು. ಕೆಂಚಿ ಅವರ ಬೆನ್ನಿಗೇ ಹೇಳಿದ್ಲು.

“ತಾತಾ ತಾತಾ, ಬಾಲ ಆಡಿಸಿ.
ಬಾಲ ಆಡದೆ ಹೊಟ್ಟೆ ಉಬ್ಬಲ್ಲ.
ಹೊಟ್ಟೆ ಉಬ್ಬದೆ ಕೈ ಊರಲ್ಲ.
ಕೈ ಊರದೆ ಕತ್ತು ಏಳಲ್ಲ.
ಕತ್ತು ಏಳದೆ ಕಣ್ಣು ಬಿಡಲ್ಲ.
ಕಣ್ಣು ಬಿಡದೆ ಬಾಯಿ ತೆರೆಯಲ್ಲ.
ನನ್ನ ಮರಿ ಒಳಗೆ, ನಾನು ಹೊರಗೆ.”

ತಾತ ತಿರುಗಲಿಲ್ಲ. “ನಾನು ಹಗ್ಗ ಬಿಟ್ಟು ಎಷ್ಟೋ ದಿನ ಆಯ್ತು” ಅಂದ್ರು.

“ಯಾಕೆ ತಾತಾ?”

“ಲೈಟಿಲ್ಲ. ಕ್ಯಾಮೆರಾ ಇಲ್ಲ. ಟೆಂಟಿಲ್ಲ. ನೋಡೋರಿಲ್ಲ. ಯಾರಿಗೋಸ್ಕರ ಎಬ್ಬಿಸ್ಲಿ ಅವನ್ನ?”

ಕೆಂಚಿ ಅಂದ್ಲು, “ನಾನಿದ್ದೀನಿ. ನಾನು ನೋಡ್ತೀನಿ.”

ತಾತ ಒಂಚೂರು ತಿರುಗಿದ್ರು. “ಬರೀ ನೋಡಿದ್ರೆ ಆಗಲ್ಲ. ಹೆದರಬೇಕು. ಹೆದರ್ತೀಯಾ?”

“ಹೆದರ್ತೀನಿ ತಾತಾ. ಆದ್ರೆ ಓಡಿಹೋಗಲ್ಲ. ಮರಿ ಆಚೆ ಬರೋವರೆಗೂ ಅಲ್ಲೇ ನಿಂತಿರ್ತೀನಿ.”

ಆಗ ತಾತ ಪೂರ್ತಿ ತಿರುಗಿದ್ರು. ಕೆಂಚಿಯನ್ನ ನೋಡಿದ್ರು. ಟವೆಲ್ಲಿಂದ ಮುಖ ಒರೆಸ್ಕೊಂಡ್ರು. ಎದ್ದು ನಿಂತ್ರು, ಸೊಂಟ ಲಟಕ್ ಅಂತು. ಅಮ್ಮಾ ಅಂದ್ರು. ಆಮೇಲೆ ಜೋರಾಗಿ ಕೂಗಿದ್ರು ನೋಡಿ, ಆಗಿನ ಕಾಲದಲ್ಲಿ ಕೂಗ್ತಿದ್ರಲ್ಲ, ಹಾಗೇ!

“ಎಲ್ರೂ ಹಗ್ಗಕ್ಕೆ ಬನ್ರೋ!”

ಚಿಕ್ಕಪ್ಪ ಸೈಕಲ್ ಬಿಟ್ಟು ಓಡಿ ಬಂದ. ನಾನು ಅಳಗುಳಿಮಣೆ ಬಿಟ್ಟು ಓಡಿ ಬಂದೆ. ಅಪ್ಪ ಬ್ರಷ್ಷು ಬಿಟ್ಟು ಓಡಿ ಬಂದ. ಅವ್ವ ಮೆಷಿನ್ ಬಿಟ್ಟು ಓಡಿ ಬಂದ್ಲು. ಅಜ್ಜಿ ಊದುಗೊಳವೆ ಬಿಟ್ಟು ಓಡಿ ಬಂದ್ಲು. ಒಲೆ ಆರಿಹೋಯ್ತು. ಹೋಗ್ಲಿ ಬಿಡಿ ಅತ್ಲಾಗೆ!

ತಾತ ಹಗ್ಗ ಎಳೆದ್ರು. ಬಾಲ ಆಡಿತು.
ಬಾಲ ಆಡಿತು, ಅಜ್ಜಿ ತಿದಿ ಒತ್ತಿದ್ಲು, ಬುಸ್ ಬುಸ್ ಹೊಟ್ಟೆ ಉಬ್ಬಿತು.
ಹೊಟ್ಟೆ ಉಬ್ಬಿತು, ಅವ್ವ ಎಳೆದ್ಲು, ಧಬ್ ಧಬ್ ಕೈ ಊರಿತು.
ಕೈ ಊರಿತು, ಅಪ್ಪ ಎಳೆದ, ಕಿರ್ರೋ ಅಂತ ಕತ್ತು ಎದ್ದಿತು.
ಕತ್ತು ಎದ್ದಿತು, ನಾನು ಎಳೆದೆ, ಕೆಂಪು ಕಣ್ಣು ಬಿಟ್ಟಿತು.
ಕಣ್ಣು ಬಿಟ್ಟಿತು, ಚಿಕ್ಕಪ್ಪ ಎಳೆದ, ಬಾಯಿ ತೆರೀತು!

ಆಆಆಆ!

ಶೆಡ್ಡಿನ ಹೆಂಚಿಗೆ ತಲೆ ತಾಗಿತು. ಮೈಮೇಲಿನ ಧೂಳೆಲ್ಲ ಹೊಗೆ ಹಾಗೆ ಎದ್ದಿತು. ಕೋರೆಹಲ್ಲು ಎಷ್ಟುದ್ದ ಅಂತೀರಾ! ಬೆಕ್ಕು ಒಂದೇ ನೆಗೆತಕ್ಕೆ ಗೋಡೆ ಹಾರಿತು. ಕೆಂಚಿಯ ಪುಕ್ಕ ಒಂದೊಂದೂ ನಿಮಿರಿತು. ಓಡಿದ್ಲಾ? ಇಲ್ಲ. ಆ ಬಾಯಿ ಕೆಳಗೇ ನಿಂತ್ಲು.

ಕೆಂಪು ನಾಲಿಗೆ ಮೇಲೆ ಮರಿ ಬಂತು. ಈ ಕಡೆ ನೋಡಿತು. ಆ ಕಡೆ ನೋಡಿತು. ಕುಪ್ಪಳಿಸಿತು. ಗಲ್ಲದಿಂದ ಕೈ ಮೇಲೆ, ಕೈಯಿಂದ ನೆಲಕ್ಕೆ, ನೆಲದಿಂದ ಸೀದಾ ಅಮ್ಮನ ರೆಕ್ಕೆ ಕೆಳಗೆ.

ಪೀಂವ್ ಪೀಂವ್ ಪೀಂವ್!

ಮರಿ ಸಿಕ್ಕಿತಲ್ಲ? ಆಮೇಲೆ ಹೆದರಿದ್ಲು ನೋಡಿ ಕೆಂಚಿ! ಕೊಕ್ಕೊಕ್ಕೊಕ್ಕೋ ಅಂತ ಕಿರುಚ್ಕೊಂಡು, ಪುಕ್ಕ ಉದುರಿಸ್ಕೊಂಡು, ಎದ್ದೆನೋ ಬಿದ್ದೆನೋ ಅಂತ ಹಿತ್ತಿಲು ದಾಟಿ ಓಡಿದ್ಲು. ಮರಿಗಳೆಲ್ಲ ಅವಳ ಹಿಂದೆ.

“ಹೆದರಿದ್ಲು ಕಣೇ!” ತಾತ ಅಜ್ಜಿಗೆ ಕೂಗಿ ಹೇಳಿದ್ರು. “ನೋಡಿದ್ಯಾ? ಹೆದರಿದ್ಲು!” ಅವರು ನಗ್ತಿದ್ರು. ಕಣ್ಣಲ್ಲಿ ನೀರು ಸುರೀತಿತ್ತು. ಅಜ್ಜಿಯೂ ನಗ್ತಿದ್ಲು. “ಯಾರಾದ್ರೂ ಹೆದರದೆ ಇರ್ತಾರಾ ನಿಮ್ಮ ಮಗನ್ನ ನೋಡಿ!” ಅಂದ್ಲು.

ಮರಿ ಬಂತು. ಕೆಂಚಿ ಹೋದ್ಲು. ಕೆಲಸ ಮುಗೀತು, ಹಗ್ಗ ಬಿಡಬಹುದಿತ್ತು. ಯಾರೂ ಬಿಡಲಿಲ್ಲ. ಚಿಕ್ಕಪ್ಪ ಬಿಡಲಿಲ್ಲ. ನಾನು ಬಿಡಲಿಲ್ಲ. ಅಪ್ಪ ಬಿಡಲಿಲ್ಲ. ಅವ್ವ ಬಿಡಲಿಲ್ಲ. ಅಜ್ಜಿ ತಿದಿ ಬಿಡಲಿಲ್ಲ. ತಾತ ಬಿಡಲಿಲ್ಲ. ಕೈ ಉರೀತಿತ್ತು. ಡೊಳ್ಳಾಸುರ ಎದ್ದು ನಿಂತಿದ್ದ, ನಾವೆಲ್ಲ ಅವನ್ನೇ ನೋಡ್ತಾ ನಿಂತಿದ್ವಿ. ಎಷ್ಟು ಚೆನ್ನಾಗಿದ್ದ ಗೊತ್ತಾ!

ತುಂಬ ಹೊತ್ತಾದ ಮೇಲೆ ತಾತ ಅಂದ್ರು, “ಸಾಕು. ಮಲಗಿಸೋಣ. ಮೆಲ್ಲಗೆ.”

ಚಿಕ್ಕಪ್ಪ ಬಾಯಿ ಮುಚ್ಚಿಸಿದ. ಮೆಲ್ಲಗೆ.
ನಾನು ಕಣ್ಣು ಮುಚ್ಚಿಸಿದೆ. ಮೆಲ್ಲಗೆ.
ಅಪ್ಪ ಕತ್ತು ಇಳಿಸಿದ. ಮೆಲ್ಲಗೆ.
ಅವ್ವ ಕೈ ಮಡಿಸಿದ್ಲು. ಮೆಲ್ಲಗೆ.
ಅಜ್ಜಿ ಗಾಳಿ ಬಿಟ್ಟಳು. ಉಸ್ಸ್‌ಸ್, ಮೆಲ್ಲಗೆ.
ತಾತ ಬಾಲ ಮಲಗಿಸಿದ್ರು. ಅವನ ಬೆನ್ನು ತಟ್ಟಿದ್ರು.

ಅದೇ ಕಡೇ ಸಲ ಕಣ್ರಪ್ಪಾ ಅವನು ಎದ್ದಿದ್ದು. ಆಮೇಲೆ ಯಾರೂ ಅವನನ್ನ ಎಬ್ಬಿಸಲಿಲ್ಲ. ನನಗೆ ಈಗಲೂ ಅವನನ್ನ ನೆನೆಸ್ಕೊಂಡ್ರೆ ಅಳು ಬರುತ್ತೆ. ಅತ್ತರೆ ಅಳ್ತೀನಿ, ನೀವ್ಯಾಕೆ ಮುಖ ನೋಡ್ತೀರಿ? ಆದ್ರೆ ತಾತ ಅವತ್ತಿಂದ ಗೋಡೆ ಕಡೆ ಕೂರಲಿಲ್ಲ. ನಮ್ಮ ಕಡೆ ತಿರುಗಿ ಕೂತ್ರು.

ಮರಿ ರೆಕ್ಕೆ ಕೆಳಗೆ, ಕೋಳಿ ಗೂಡಿನೊಳಗೆ, ಕಥೆ ನಿಮ್ಮ ಕಿವಿಯೊಳಗೆ. ಏಳಿ, ಎಲ್ಲರೂ ಕೈ ತೊಳ್ಕೊಂಡು ಊಟಕ್ಕೆ ಬನ್ನಿ.