ಹೆಣವಿಲ್ಲದ ಮೆರವಣಿಗೆ

ಕೆರೆಯ ಏರಿ ಬಿರುಕು ಬಿಟ್ಟಿತ್ತು. ಮರುದಿನ ದಿವಾನರ ಸವಾರಿ ಬರುವುದಿತ್ತು. ಊರು ಗಾಬರಿಯಾಗುವುದು ಅಮಲ್ದಾರರಿಗೆ ಬೇಡವಾಗಿತ್ತು.

"ಏರಿ ಭದ್ರವಾಗಿದೆ ಅಂತ ಸಾರು. ಒಂದು ಮಾತು ಹೆಚ್ಚು ಆಡಿದರೂ ನಿನ್ನ ಕೆಲಸ ಹೋಯಿತು," ಎಂದು ತಳವಾರನನ್ನು ಗದರಿಸಿದರು.

"ಅಪ್ಪಣೆ, ಬುದ್ಧಿ."

ಸಂಜೆ ತಳವಾರ ಅಷ್ಟೇ ಸಾರಿದ. ಆದರೆ ತಮಟೆಯಲ್ಲಿ ಬಾರಿಸಿದ್ದು ಹೆಣದ ಮುಂದೆ ಬಾರಿಸುವ ಬಡಿತ. ಸತ್ತವರು ಯಾರೆಂದು ಕೇಳುತ್ತ, ಕೂಸುಗಳನ್ನು ಎತ್ತಿಕೊಂಡು ಊರಿಗೆ ಊರೇ ಹೊರಬಂತು. ಅವನು ಬಾರಿಸುತ್ತಲೇ ಗುಡ್ಡದ ಮೇಲಿನ ಸ್ಮಶಾನದ ಕಡೆ ನಡೆದ. ಹೆಣವಿಲ್ಲದ ಮೆರವಣಿಗೆ ಹಿಂಬಾಲಿಸಿತು. ಅಮಲ್ದಾರರೂ ಏದುಸಿರು ಬಿಡುತ್ತ ಹತ್ತಿ ಬಂದರು.

"ಸತ್ತದ್ದು ಯಾರೋ?"

ಅಷ್ಟರಲ್ಲಿ ಕೆಳಗೆ ಏರಿ ಒಡೆಯಿತು. ಕತ್ತಲಲ್ಲಿ ನೀರು ಖಾಲಿ ಮನೆಗಳ ಬಾಗಿಲು ಬಡಿಯತೊಡಗಿತು.

ತಳವಾರ ತಮಟೆ ಕೆಳಗಿಟ್ಟ.

"ಯಾರೂ ಇಲ್ಲ, ಬುದ್ಧಿ. ತಾವೂ ಸೇರಿ ಎಲ್ಲರೂ ಇಲ್ಲೇ ಇದ್ದೇವೆ."